ದರ ಬಿದ್ದರೂ ಇಳಿಯದ ಹೊಗೆ

ರಾಮನಗರದಲ್ಲಿ ನಮ್ಮದು ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಮನೆ. ಬೆಳಿಗ್ಗೆ ಒಲೆ ಹಚ್ಚುವುದು, ಸಂಜೆ ಬೂದಿ ತೆಗೆದು ನೆಲ ತೊಳೆಯುವುದು. ಈ ಕ್ರಮ ತಪ್ಪಲು ನಾನು ಬಿಡುತ್ತಿರಲಿಲ್ಲ. ಮೊದಲು ಗೂಡು ಬೇಯಿಸುವ ಪ್ರತಿ ಬಾಣಲೆಗೂ ಅದರದೇ ಪುಟ್ಟ ಒಲೆಯಿತ್ತು. ರೇಷ್ಮೆಯ ದರ ಏರಿದಾಗ ಬಾಣಲೆಗಳು ಹತ್ತಾದವು. ಅಷ್ಟಕ್ಕೂ ಬಿಸಿನೀರು ಒದಗಿಸಲು ಒಂದೇ ದೊಡ್ಡ ಒಲೆ ಕಟ್ಟಿಸಿ, ಪೂಜೆ ಮಾಡಿ ಹಚ್ಚಿದೆವು. ಬೀದಿಯವರೆಲ್ಲ ಹಾಗೆಯೇ ಮಾಡಿದರು. ಕನಕಪುರದ ಕಡೆಯಿಂದ ಸೌದೆ ಲಾರಿಗಳು ಬರುತ್ತಿದ್ದವು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಮಸಿ ಕೂರುತ್ತಿತ್ತು.

ಅವ್ವನಿಗೆ ಉಬ್ಬಸ ಹಿಡಿಯಿತು. ಹೊಗೆಯಿಂದ ದೂರ ಇರಬೇಕೆಂದರು ಡಾಕ್ಟರು. ಮಾಗಡಿಯಲ್ಲಿದ್ದ ನನ್ನ ತಂಗಿಯ ಮನೆಗೆ ಕಳಿಸಿದೆ. ಅಲ್ಲಿ ಉಸಿರೇನೋ ಸರಾಗವಾಯಿತು, ಮನಸ್ಸು ನಿಲ್ಲಲಿಲ್ಲ.

ಆಮೇಲೆ ಹೊರದೇಶದ ರೇಷ್ಮೆ ಅಗ್ಗವಾಗಿ ಬಂದು ದರ ಬಿತ್ತು. ನಮ್ಮಲ್ಲಿ ಎರಡೇ ಬಾಣಲೆ ನಡೆಯುತ್ತಿದ್ದವು. ಕೆಲಸ ಇಳಿದರೆ ಹೊಗೆಯೂ ಇಳಿದಿರುತ್ತದೆ ಎಂದುಕೊಂಡು ಅವ್ವ ಮನೆಗೆ ಬಂದಳು. ವಾರದೊಳಗೆ ಮತ್ತೆ ಉಬ್ಬಸ.

"ಎರಡು ಬಾಣ್ಲಿಗೆ ಇಷ್ಟು ಹೊಗೆ ಯಾಕ್ಲಾ?" ಎಂದು ನನ್ನನ್ನು ಕೇಳಿದಳು.

ಒಲೆ ನೋಡಿಕೊಳ್ಳುತ್ತಿದ್ದ ಆಳು ನಕ್ಕ. "ಒಲೆ ಹೊಟ್ಟೆ ಸಣ್ಣಗಾಗಿಲ್ವಲ್ಲವ್ವ. ಸೌದೆ ಒಸಿ ಕಮ್ಮಿ ತಿಂತೈತೆ, ಅಷ್ಟೇಯ."

"ಹಂಗಾದ್ರೆ ಒಡದಾಕು."

"ಪೂಜೆ ಮಾಡಿದ್ ಒಲೆ ಕಣವ್ವ! ಕಷ್ಟದಾಗೆ ಒಡದ್ರೆ ಲಕ್ಷ್ಮಿ ಹೊಂಟೋಯ್ತಾಳೆ."

"ಅವ್ಳು ಈ ಹೊಗೇಲಿ ಕೆಮ್ಕಂಡು ಆಗ್ಲೇ ಹೋಗವ್ಳೆ. ಹಾರೆ ತತ್ತಾ!"

ನನಗೂ ಕೈ ಬರಲಿಲ್ಲ. ನಾಳೆ ದರ ಏರಿದರೆ ಮತ್ತೆ ಕಟ್ಟಿಸಬೇಕಲ್ಲ ಎಂಬ ಯೋಚನೆ. ಬೀದಿಯುದ್ದಕ್ಕೂ ಅದೇ ಆಸೆಯಲ್ಲಿ ದೊಡ್ಡ ಒಲೆಗಳು ಉರಿಯುತ್ತಿದ್ದವು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಉಸಿರಿಗಾಗಿ ಬಾಗಿದಳು. ಹಾರೆ ನಾನೇ ಎತ್ತಿದೆ. ಹಳೆಯ ಜಾಗದಲ್ಲಿ ಎರಡು ಪುಟ್ಟ ಒಲೆ ಹಾಕಿದೆವು. ಅಕ್ಕಪಕ್ಕದ ಹೊಗೆ ಇದ್ದೇ ಇತ್ತು, ಆದರೆ ಮನೆಯೊಳಗಿನದು ಇಳಿಯಿತು. ಆ ಚಳಿಗಾಲ ಅವ್ವ ನಮ್ಮ ಜೊತೆಯಲ್ಲೇ ಕಳೆದಳು.

ಈಗ ಪತ್ರಿಕೆಯಲ್ಲಿ ಇಂಗಾಲ, ಆರ್ಥಿಕ ಹಿಂಜರಿತ ಎಂದೆಲ್ಲ ಓದುವಾಗ ಆ ಒಲೆ ಕಣ್ಣಮುಂದೆ ಬರುತ್ತದೆ. ವ್ಯಾಪಾರ ಏರಿದರೆ ಹೊಗೆ ಯಾರ ಅಪ್ಪಣೆಯನ್ನೂ ಕಾಯದೆ ಏರುತ್ತದೆ. ವ್ಯಾಪಾರ ಬಿದ್ದಾಗ ಅದು ತಾನಾಗಿ ಅಷ್ಟೇ ಇಳಿಯುವುದಿಲ್ಲ. ಯಾರಾದರೂ ಒಲೆ ಒಡೆಯಬೇಕು.

ಆ ಚಳಿಗಾಲ ಕಳೆದ ಮೇಲೆ ದರ ಮತ್ತೆ ಏರಿತು. ಪುಟ್ಟ ಒಲೆಗಳು ಒಂದೊಂದಾಗಿ ಹೆಚ್ಚಿದವು. ಒಂದು ಬೆಳಿಗ್ಗೆ ಅವ್ವ ಅಂಗಳದಲ್ಲಿ ನಿಂತು ಸೂರಿನ ಮೇಲೆ ಕವಿದ ಹೊಗೆಯನ್ನು ನೋಡಿದಳು.

"ಯಾಪಾರ ಚೆಂದಾಗೈತಲ್ಲ, ಮಗ," ಎಂದಳು. ಒಳಗೆ ಹೋಗಿ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಮಾಗಡಿಯ ಬಸ್ಸಿಗೆ ನಾನೇ ಹತ್ತಿಸಿ ಬಂದೆ.