ಅಳಿಸಿದರೂ ಹೋಗದ ಕೌದಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಮನೆಯಲ್ಲಿ ಸಣ್ಣವರಿಂದ ದೊಡ್ಡವರವರೆಗೆ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತರೆ ನಾನು ತಣ್ಣಗಾಗುತ್ತೇನೆ. ಮಷೀನಿಗೆ ಬೈದರೆ ಅದು ತಿರುಗಿ ಬೈಯುವುದಿಲ್ಲ, ಹಾಗಾಗಿ ಜಗಳಕ್ಕೆ ರುಚಿಯೇ ಇರುವುದಿಲ್ಲ. ಆ ಒಂದು ದಿನ ಮಾತ್ರ ಮಷೀನಿಗೂ ಬೈದೆ, ಮೈದುನನಿಗೂ ಬೈದೆ, ಕೊನೆಗೆ ಕೆಳಗಿನ ಗಿರಣಿಯ ಸದ್ದಿಗೂ ಬೈದೆ.

ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿರುವ ಒಂದು ಕೋಣೆಯಲ್ಲಿ ನಾನೂ ನನ್ನ ಮೈದುನನೂ ಸೇರಿ ವೆಬ್‌ಸೈಟ್ ಮಾಡಿಕೊಡುತ್ತೇವೆ. ಗಂಗಾವತಿಯ ಅಕ್ಕಿ ಗಿರಣಿಯವರು, ಕುಷ್ಟಗಿಯ ದಾಳಿಂಬೆ ವ್ಯಾಪಾರಿ, ಹೀಗೆ ಸುತ್ತಲಿನವರೇ ನಮ್ಮ ಗಿರಾಕಿಗಳು. ಕೆಳಗೆ ಗಿರಣಿ ಶುರುವಾದರೆ ಮೇಲೆ ನಮ್ಮ ಟೇಬಲ್ಲು ನಡುಗುತ್ತದೆ. ಕೀಬೋರ್ಡಿನ ಸಂದಿಯಲ್ಲಿ ಜೋಳದ ಹಿಟ್ಟು ಕೂತಿರುತ್ತದೆ. ಬಾಡಿಗೆ ಕಡಿಮೆ ಎಂದು ಸುಮ್ಮನಿದ್ದೇವೆ.

ಮೈದುನ ಅರ್ಧ ರೈತ, ಅರ್ಧ ಡಿಸೈನರ್. ಯಲಬುರ್ಗಾ ಕಡೆ ನಮ್ಮ ಹೊಲವಿದೆ. ಬಿತ್ತನೆ, ರಾಶಿ ಅಂತ ಬಂದರೆ ಅವನು ಕೋಣೆಯ ಕಡೆ ತಲೆಹಾಕುವುದಿಲ್ಲ. ಹೊಲದ ಬುದ್ಧಿಯನ್ನೇ ಅವನು ಕಂಪ್ಯೂಟರಿಗೂ ತಂದಿದ್ದ. ನಮ್ಮ ಮನೆಯಲ್ಲಿ ಜೋಳದ ರಾಶಿಗೆ ಮೊದಲೇ ತುಂಬಿದ ತೆನೆಗಳನ್ನು ಆರಿಸಿ ಬೀಜಕ್ಕೆಂದು ಎತ್ತಿಡುವ ಪದ್ಧತಿ. ಬೂದಿ ಕಲಸಿ, ಗಡಿಗೆಗೆ ತುಂಬಿ ಬಾಯಿ ಕಟ್ಟಿದರೆ ಮುಗಿಯಿತು. ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದಿದ್ದರೂ ಆ ಗಡಿಗೆಗೆ ಯಾರೂ ಕೈ ಹಾಕುವಂತಿಲ್ಲ. ಹಾಗೆಯೇ ಒಂದು ಸೈಟು ಕಣ್ಣಿಗೆ ಚೆಂದ ಕಾಣುವ ಹದಕ್ಕೆ ಬಂತೆಂದರೆ, ಮೈದುನ ಅದರ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ಬೇರೆ ಕಡೆ ಇಡುತ್ತಿದ್ದ. ಆ ನಕಲಿಗೆ ‘ಬೀಜ’ ಎಂದೇ ಹೆಸರು.

“ಬೀಜಕ್ಕ ತೆಗದಿಟ್ಟೀನ್ರಿ ವೈನಿ. ನೀವು ಏನರ ಕೆಡಿಸಿದ್ರೂ ಚಿಂತಿ ಇಲ್ಲ,” ಎಂದು ಅತ್ತಿಗೆಯಾದ ನನಗೇ ಅನ್ನುತ್ತಿದ್ದ. ಅಂದರೆ ಕೆಡಿಸುವವಳು ನಾನು, ಕಾಯುವವನು ಅವನು! ಆದರೂ ಆ ನಕಲು ಎಷ್ಟೋ ಸಲ ನನ್ನ ಮಾನ ಉಳಿಸಿದೆ ಎಂಬುದನ್ನು ಅವನ ಮುಂದೆ ನಾನು ಯಾವತ್ತೂ ಹೇಳಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಕುಕನೂರಿನ ಕೌದಿ ಹೊಲಿಯುವ ಹೆಣ್ಣುಮಕ್ಕಳ ಸೈಟು. ಹಳೆಯ ಸೀರೆ, ಧೋತರ, ಲಂಗದ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಕೈಯಿಂದಲೇ ಹೊಲಿದ ಹಾಸಿಗೆ, ಹೊದಿಕೆಗಳು. ಆ ಗುಂಪಿಗೆ ಹಿರಿಯಳೊಬ್ಬಳಿದ್ದಳು, ನಾವೆಲ್ಲ ಅಕ್ಕಾರ ಅನ್ನುತ್ತಿದ್ದೆವು. ಮಾತು ಕಡಿಮೆ, ಹೊಲಿಗೆ ಸಣ್ಣದು. ಕೌದಿಗಳ ಫೋಟೋ ತೆಗೆಯಲು ನಾವಿಬ್ಬರೂ ಅವಳ ಮನೆಗೇ ಹೋಗಿದ್ದೆವು. ನಾನು ಒಳಗೆ ಚಹಾ ಕುಡಿಯುತ್ತ ಕೂತಾಗ ಮೈದುನ ಹಿತ್ತಲಿಗೆ ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ಒಂದು ಸಣ್ಣ ಕೌದಿಯ ಫೋಟೋ ಹೊಡೆದುಕೊಂಡು ಬಂದಿದ್ದ. ಕೆಂಪು, ಹಳದಿ ತುಂಡುಗಳು, ನಾಲ್ಕೂ ಮೂಲೆಗೆ ಪುಟ್ಟ ಹೂವು. ಎಲ್ಲಕ್ಕಿಂತ ಅದೇ ಚೆಂದ ಬಂದಿದೆ ಎಂದು ಅದನ್ನೇ ಮೊದಲ ಪುಟದ ನೆತ್ತಿಗೆ ಹಾಕಿದೆವು.

ಆಮೇಲೆ ಅಮಾವಾಸ್ಯೆ ಬಂತು. ನಾನು ಕುಷ್ಟಗಿಗೆ, ತವರಿಗೆ ಹೋಗಿದ್ದೆ. ಅದೇ ದಿನ ಕೋಣೆಗೆ ಹೊಸ ಕಂಪ್ಯೂಟರು ಬಂದಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಗಾಡಿ, ಮಷೀನು ಎಲ್ಲಕ್ಕೂ ಪೂಜೆ ಇದ್ದದ್ದೇ. ಮೈದುನ ವಿಭೂತಿ ಹಚ್ಚಿ, ಕಾಯಿ ಒಡೆದು, ನಮ್ಮ ಕೆಲಸವನ್ನೆಲ್ಲ ಹೊಸದಕ್ಕೆ ಸಾಗಿಸಿ ಚಾಲೂ ಮಾಡಿ, ಮರುದಿನ ಬಿತ್ತನೆಗೆ ಹೊರಟುಹೋಗಿದ್ದ. ನಾನು ತವರಿನಿಂದ ಬಂದು ಕೂತ ಮೊದಲ ಬೆಳಿಗ್ಗೆ ಸೈಟು ತೆರೆದು ನೋಡಿದೆ. ಎಲ್ಲ ಸರಿಯಾಗಿತ್ತು. ಪರದೆಯ ಚಿತ್ರ ತೆಗೆದು, ಒಮ್ಮೆ ನೋಡಲಿ ಎಂದು ಅಕ್ಕಾರ ಫೋನಿಗೆ ಕಳಿಸಿದೆ.

ಉತ್ತರ ಬರಲಿಲ್ಲ, ಅವಳೇ ಬಂದಳು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ತಂಗಿ, ಆ ಸಣ್ಣ ಕೌದಿ ಫೋಟೋ ತೆಗಿ. ಈಗಿಂದೀಗ ತೆಗಿ.”

“ಯಾಕ್ರಿ ಅಕ್ಕಾರ? ಎಲ್ಲಾದ್ಕಿಂತ ಅದ ಛಲೋ ಐತೆಲ್ಲ?”

“ಅದು ಮಾರೂದಲ್ಲವಾ. ನನ್ನ ಮಗಳ ಕೂಸಿಂದು. ಕೂಸು ಇನ್ನಾ ಬಂದಿಲ್ಲ, ಅದರ ಹಾಸಿಗಿ ಊರಿಗೆಲ್ಲ ತೋರಸ್ತೀರೇನು?”

ಮಗಳನ್ನು ಹಿಂದಿನ ದಿನವೇ ಕೊಪ್ಪಳದ ದವಾಖಾನೆಗೆ ಸೇರಿಸಿದ್ದರಂತೆ. ಬೇನೆ ಶುರುವಾಗಿತ್ತು. ಅಲ್ಲಿಯ ಬೆಂಚಿನ ಮೇಲೆ ಕೂತೇ ನನ್ನ ಚಿತ್ರ ನೋಡಿ, ಮಗಳನ್ನು ನಾದಿನಿಯ ಕೈಗೆ ಒಪ್ಪಿಸಿ, ಆಟೋ ಹತ್ತಿ ಬಂದಿದ್ದಳು. “ಹ್ವಾದ ಸಲ ಬಸುರಿ ಕುಬಸದಾಗ ತೊಟ್ಟಲಾ, ಟೊಪ್ಪಿಗಿ ಎಲ್ಲಾ ಮಂದಿಗೆ ತೋರಿಸಿ ಮೆರದ್ವಿ. ದವಾಖಾನಿಂದ ಬರೇ ಕೈಲೆ ಮನಿಗೆ ಬಂದ್ವಿ,” ಎಂದಳು. ಅದಕ್ಕೇ ಈ ಸಲ ಯಾರಿಗೂ ಕಾಣದಂತೆ ಹಿತ್ತಲ ಕೋಣೆಯಲ್ಲಿ ಕೂತು ಹೊಲಿದಿದ್ದಳು. ತನ್ನ ಸೀರೆಯ ಮೆತ್ತನೆಯ ಸೆರಗು, ಮಗಳು ಶಾಲೆಗೆ ಹೋಗುವಾಗ ಉಟ್ಟಿದ್ದ ಲಂಗ.

ನನಗೆ ದೃಷ್ಟಿ ಗಿಷ್ಟಿಯಲ್ಲಿ ನಂಬಿಕೆ ಇಲ್ಲ. ಆದರೆ ಆ ಮುಖದ ಮುಂದೆ ಅದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. “ಊರಿಗೆ ಕಾಣಂಗಿಲ್ರಿ ಅಕ್ಕಾರ. ಸೈಟು ಇನ್ನಾ ಹೊರಗ ಬಿಟ್ಟಿಲ್ಲ. ಇದು ಈ ಮಷೀನಿನೊಳಗ ಸೈಟು ತೋರಸೂ ಸರ್ವರು, ಈ ಕೋಣ್ಯಾಗ ಕುಂತವ್ರಿಗಷ್ಟ ಕಾಣ್ತತಿ. ಆದ್ರೂ ತಗೀತೀನಿ, ಒಂದ ನಿಮಿಷದ ಕೆಲಸ,” ಎಂದೆ.

ಒಂದು ನಿಮಿಷ ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು! ಪುಟದಲ್ಲಿ ಆ ಫೋಟೋದ ಸಾಲು ಅಳಿಸಿದೆ. ಫೋಲ್ಡರಿನಿಂದ ಫೋಟೋವನ್ನೂ ಅಳಿಸಿದೆ. ರಿಫ್ರೆಶ್ ಒತ್ತಿದೆ. ಕೆಂಪು, ಹಳದಿ, ನಾಲ್ಕು ಮೂಲೆಗೆ ಹೂವು, ಇದ್ದಲ್ಲೇ ಇತ್ತು.

“ಐತೆಲ್ಲ ತಂಗಿ.”

“ಹಳೇದನ್ನ ನೆನಪಿಟ್ಟುಕೊಂಡಿರತೈತ್ರಿ ಬ್ರೌಸರು. ತಡೀರಿ, ಅದನ್ನೂ ಅಳಸ್ತೀನಿ.” ಅಳಿಸಿದೆ. ಮತ್ತೆ ಒತ್ತಿದೆ. ಇತ್ತು. ಸರ್ವರನ್ನು ನಿಲ್ಲಿಸಿ ಚಾಲೂ ಮಾಡಿದೆ. ಇತ್ತು. ಬೇರೆ ಬ್ರೌಸರಿನಲ್ಲಿ ತೆರೆದೆ. ಅಲ್ಲಿಯೂ ಇತ್ತು. ಅಯ್ಯೋ ಶಿವನೇ, ಎಂಥ ಗಂಡಾಂತರ! ಅಳಿಸಿ ಹಾಕಿದ್ದು ಅದೆಲ್ಲಿಂದ ಎದ್ದು ಬರುತ್ತಿದೆ? ನಾನು ಒತ್ತುವಾಗೆಲ್ಲ ಅಕ್ಕಾರ ಮುಂದಕ್ಕೆ ಬಾಗುತ್ತಿದ್ದಳು, ಕೌದಿ ಕಂಡ ಕೂಡಲೇ ಹಿಂದಕ್ಕೆ ಸರಿಯುತ್ತಿದ್ದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದಾರೆ, ಬೇಗ ಬಾ ಎಂದು ನಾದಿನಿ ಕೂಗುವುದು ನನಗೂ ಕೇಳಿಸಿತು. ಅವಳು ಎದ್ದಳು, ಬಾಗಿಲತನಕ ಹೋದಳು, ತಿರುಗಿ ಬಂದು ಕೂತಳು.

“ಹೋಗ್ರಿ ಅಕ್ಕಾರ. ನಾ ತಗದು ಫೋನ್ ಮಾಡ್ತೀನಿ.”

“ಇದನ್ನ ಇಲ್ಲೇ ಬಿಟ್ಟು ಹೆಂಗ ಹೋಗ್ಲಿ? ಯಾಕೋ ಹೋಗವಲ್ದು ತಂಗಿ ಇದು. ಹೋದ ಸಲಾನೂ ಹಿಂಗ ನನ್ನ ಜೀವ ಹೊಡ್ಕೋತಿತ್ತು.”

ಮಗಳು ಅಲ್ಲಿ ಒದ್ದಾಡುತ್ತಿದ್ದಾಳೆ, ತಾಯಿ ಇಲ್ಲಿ ನನ್ನ ಪರದೆಗೆ ಕಟ್ಟಿಬಿದ್ದಿದ್ದಾಳೆ. ಹೆದರಿಕೆ ಹೆಚ್ಚಾದರೆ ನನಗೆ ಬರುವುದು ಸಿಟ್ಟೇ. ಆ ಸಿಟ್ಟಿನಲ್ಲಿ ಪುಟದ ನೆತ್ತಿಗೆ ದಪ್ಪ ಅಕ್ಷರದಲ್ಲಿ ‘ಕತ್ತೆ’ ಎಂದು ಬರೆದು ಒತ್ತಿದೆ. ಕೌದಿ ಬಂತು, ಕತ್ತೆ ಬರಲಿಲ್ಲ. ಆಗ ತಲೆಗೆ ಹೊಳೆಯಿತು. ಸೈಟಿನ ಫೋಲ್ಡರಿನ ಹೆಸರನ್ನೇ ಬೇರೆ ಮಾಡಿದೆ. ಸರ್ವರು ಆ ಫೋಲ್ಡರನ್ನೇ ಓದುತ್ತಿದ್ದರೆ ಈಗ ಏನೂ ಸಿಗದೆ ತಡಕಾಡಬೇಕು. ಒತ್ತಿದೆ. ಇಡೀ ಪುಟ ಆರಾಮಾಗಿ ಬಂತು! ಅಂದರೆ ನಾನು ಇಷ್ಟು ಹೊತ್ತು ತಿದ್ದುತ್ತಿದ್ದದ್ದೇ ಒಂದು, ಸರ್ವರು ತೋರಿಸುತ್ತಿದ್ದದ್ದೇ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅದೇ ಕೆಲಸ ಮಾಡುತ್ತಿದ್ದೆ.

ಯಾವ ವಿಳಾಸಕ್ಕೆ ಯಾವ ಫೋಲ್ಡರು ಎಂದು ಸರ್ವರಿಗೆ ದಾರಿ ಹೇಳುವ ಫೈಲು ಒಂದಿರುತ್ತದೆ. ಅದನ್ನು ತೆರೆದೆ. ದಾರಿಯ ಕೊನೆಯಲ್ಲಿ ‘ಬೀಜ’ ಎಂದಿತ್ತು.

ಮೈಯೆಲ್ಲ ಉರಿದುಹೋಯಿತು. ಮೈದುನನಿಗೆ ಫೋನು ಹಚ್ಚಿದೆ. ಟ್ರ್ಯಾಕ್ಟರಿನ ಸದ್ದಿನ ನಡುವೆ “ಹೇಳ್ರಿ ವೈನಿ” ಅಂದ.

“ಸರ್ವರಿಗೆ ಬೀಜದ ಫೋಲ್ಡರ್ ಯಾಕ ಹಚ್ಚೀಪಾ?”

“ಅಮಾಸಿ ಪೂಜಿ ಇತ್ತಲ್ರಿ. ಕೆಲಸದ ಫೋಲ್ಡರ್‌ನ್ಯಾಗ ಪುಟ ಅರ್ಧಂಬರ್ಧ ಇತ್ತು. ಹೊಸ ಮಷೀನಿಗೆ ಮೊದ್ಲ ಅರ್ಧಂಬರ್ಧದ್ದು ತೋರಸ್ತಾರೇನು? ಹೊಸ ಹೊಲಕ್ಕ ಮನಿ ಬೀಜಾನ ಬಿತ್ತೂದಲ್ರಿ ನಾವು.”

“ಬಿತ್ತಿದ್ಮ್ಯಾಲೆ ತಿರುಗಿ ಬದ್ಲಿ ಮಾಡ್ಬೇಕಂತ ಗೊತ್ತಾಗ್ಲಿಲ್ಲೇನು?”

“ಯವ್ವಾ! ಮರ್ತ ಬಿಟ್ಟೆ ನೋಡ್ರಿ.”

ಉಳಿದದ್ದನ್ನು ಸಂಜೆ ಬೈಯುತ್ತೇನೆ ಎಂದು ಹೇಳಿ, ಬೀಜದೊಳಗಿರುವ ಸಣ್ಣ ಕೌದಿಯ ಫೋಟೋ ಅಳಿಸುತ್ತಿದ್ದೇನೆ, ನಿನ್ನ ಫೋನಿನಲ್ಲಿರುವುದನ್ನೂ ಅಳಿಸು ಎಂದೆ. “ಬೀಜಕ್ಕ ಕೈ ಹಾಕ್ತೀರೇನ್ರಿ ವೈನಿ?” ಎಂದು ಗಾಬರಿಯಾದ. ಅಕ್ಕಾರ ನನ್ನ ಕೈಯಿಂದ ಫೋನು ಇಸಿದುಕೊಂಡು, “ತಮ್ಮಾ, ನನ್ನ ಮಗಳು ಬ್ಯಾನಿ ತಿನ್ನಾಕತ್ಯಾಳ. ತಗದುಬಿಡೋ,” ಅಂದಳು. ಅತ್ತ ಟ್ರ್ಯಾಕ್ಟರಿನ ಸದ್ದು ನಿಂತಿತು. “ತಗದೆ ನೋಡ್ರಿ ಅಕ್ಕಾರ, ಈಗ ತಗದೆ,” ಎಂದ.

ಬೀಜದ ಫೋಲ್ಡರಿನಿಂದ ಅಳಿಸಿದೆ. ಕಸದ ಬುಟ್ಟಿಯನ್ನೂ ಅವಳ ಕಣ್ಣೆದುರೇ ಖಾಲಿ ಮಾಡಿದೆ. ಕೆಲಸದ ಫೋಲ್ಡರಿಗೆ ಹಳೆಯ ಹೆಸರು ಕೊಟ್ಟು, ದಾರಿ ತಿದ್ದಿ, ಸರ್ವರನ್ನು ಮತ್ತೆ ಚಾಲೂ ಮಾಡಿದೆ. ರಿಫ್ರೆಶ್ ಒತ್ತುವಾಗ ನಾನೂ ಉಸಿರು ಹಿಡಿದಿದ್ದೆ, ಸುಳ್ಳು ಯಾಕೆ ಹೇಳಲಿ. ಪುಟ ಬಂತು. ಕೌದಿ ಇರಲಿಲ್ಲ. ಅದಿದ್ದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಕತ್ತೆ’ ಎಂದು ಮಾತ್ರ ಇತ್ತು.

“ಇದ್ಯಾರವಾ?” ಅಂದಳು ಅಕ್ಕಾರ.

“ನಮ್ಮ ಮೈದುನ್ರಿ.”

ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು. ನನಗೂ ಬಂತು. ಕಣ್ಣೀರು ಬರುವಷ್ಟು ನಕ್ಕೆವು. “ಜೀವ ತಣ್ಣಗಾತು ನೋಡು,” ಎನ್ನುತ್ತ ಎದ್ದು, ಮೆಟ್ಟಿಲನ್ನು ಹುಡುಗಿಯಂತೆ ಇಳಿದು ಹೋದಳು. ನನಗೆ ಯಾವ ಕೆಲಸಕ್ಕೂ ಕೈ ಏಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನು ಬಂತು. ಹೆಣ್ಣು ಕೂಸು, ತಾಯಿ ಮಗಳು ಇಬ್ಬರೂ ಆರಾಮ. “ಅತ್ತಳು ತಂಗಿ, ಹುಟ್ಟಿದ ಕೂಡ್ಲೇ ಅತ್ತಳು,” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಸಂಜೆ ಮೈದುನ ಬಂದಾಗ ಬೈಯಲು ಒಂದು ಮಾತೂ ನೆನಪಾಗಲಿಲ್ಲ. ಅವನು ನಾನು ಬೈಯದಿದ್ದದ್ದೇ ಬೈಗುಳ ಎಂದು ತಿಳಿದು ರಾತ್ರಿಯೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದನಂತೆ.

ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿದ ಮೇಲೆ ಒಂದು ದಿನ ಅಕ್ಕಾರ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಸೈಟು ಅಷ್ಟರಲ್ಲಿ ಹೊರಗೆ ಹೋಗಿತ್ತು, ಸಣ್ಣ ಕೌದಿ ಇಲ್ಲದೆ. ಅವಳು ತನ್ನ ಫೋನು ಚಾಚಿದಳು. ಅದರಲ್ಲಿ ಒಂದು ಫೋಟೋ. ಕೆಂಪು ಹಳದಿ ತುಂಡುಗಳ ಮೇಲೆ ಕೂಸು ಮುಷ್ಟಿ ಬಿಗಿದು ಮಲಗಿತ್ತು.

“ಸೈಟಿಗೆ ಹಾಕ್ಲೇನ್ರಿ?” ಎಂದೆ.

“ಏ, ಬ್ಯಾಡ! ಊರಿಗೆ ಯಾಕ? ಈ ಕೋಣ್ಯಾಗ ಕುಂತವ್ರಿಗಷ್ಟ ಕಾಣ್ತತಿ ಅಂದಿದ್ದೆಲ್ಲ, ಅದರಾಗ ಹಾಕು.”

ಒಂದು ಹೊಸ ಫೋಲ್ಡರು ಮಾಡಿ, ಅದರಲ್ಲಿ ಒಂದೇ ಪುಟ, ಒಂದೇ ಫೋಟೋ ಇಟ್ಟೆ. ಸರ್ವರಿಗೆ ಅದರ ದಾರಿ ತೋರಿಸಿದೆ. ಪರದೆಯ ತುಂಬ ಕೂಸು ಬಂತು. ಅಕ್ಕಾರ ಕುರ್ಚಿ ಎಳೆದುಕೊಂಡು, ಅವತ್ತು ಕೂತಿದ್ದ ಜಾಗದಲ್ಲೇ ಕೂತಳು.

“ಅವತ್ತು ಒತ್ತತಿದ್ದೆಲ್ಲ, ಅದನ್ನ ಒತ್ತು,” ಎಂದಳು.

ರಿಫ್ರೆಶ್ ಒತ್ತಿದೆ. ಪುಟ ಒಮ್ಮೆ ಬೆಳ್ಳಗಾಗಿ ತಿರುಗಿ ಬಂತು. ಕೂಸು ಮಲಗಿತ್ತು.

“ಇನ್ನೊಮ್ಮೆ ಒತ್ತು.”

ಒತ್ತಿದೆ.

“ಐತಿ,” ಎಂದಳು ಅಕ್ಕಾರ. “ಇಲ್ಲೇ ಐತಿ ನೋಡು.”