ಚೌಕಟ್ಟಿನ ಅಂಚು ಹೆರೆದ ಆಚಾರಿ

ನಮ್ಮ ತೋಟದ ಹಲಸಿನ ಮರ ಕುಯ್ಸಿ, ದೇವರಮನೆಗೆ ಬಾಗಿಲು ಮಾಡೋಕೆ ಹೊನ್ನವಳ್ಳಿ ಆಚಾರಿಗೆ ಕೊಟ್ಟಿದ್ದೆ. ಒಂದಿನ ಹೋಗಿ ನೋಡಿದರೆ, ಉಜ್ಜುಗೊರಡು ಹಿಡಕೊಂಡು ಚೌಕಟ್ಟಿನ ಒಳಅಂಚನ್ನು ಉದ್ದಕ್ಕೂ ಮೆಟ್ಟಿಲಿನಂಗೆ ತಗ್ಗು ಮಾಡ್ತಾವ್ನೆ! ನೆಟ್ಟಗಿದ್ದ ಮರ ಯಾಕೆ ಹಿಂಗೆ ಹೆರೀತಾನೆ ಅಂತ ತಲೆಬುಡ ತಿಳೀಲಿಲ್ಲ. ಕೇಳೋದು ಬಿಟ್ಟು ಬಸ್ ಹತ್ತಿದೆ. ಇಳಿಯೋಷ್ಟರಲ್ಲಿ, ಆಚಾರಿಗೆ ಕಣ್ಣು ಮಂಜಾಗಿ ಮರವೆಲ್ಲ ಹಾಳು ಮಾಡ್ತಾನೆ ಅಂತ ಇಡೀ ಬಸ್ಸಿಗೆ ಗೊತ್ತಿತ್ತು.

ಬಾಗಿಲು ಕೂರಿಸೋ ದಿನ ನೋಡಿದರೆ, ಕದ ಹೋಗಿ ಆ ಮೆಟ್ಟಿಲಲ್ಲೇ ಕೂದಲೂ ತೂರದಂಗೆ ಕೂತ್ಕಂತು.

“ಆ ಮೆಟ್ಟಿಲಿನ ಮೂಲೆ ಚೌಕವಾಗಿ ಬರದಿದ್ರೆ ಕದ ಕೂರೋದೆಲ್ಲಿ ಕಣಕ್ಕಾ? ನನ್ನೇ ಒಂದ್ಮಾತು ಕೇಳ್ಬಾರ್ದಿತ್ತಾ? ನಿನ್ನ ಮಾತು ಕೇಳಿ ಎರಡು ಮನೆಯೋರು ಮರ ವಾಪಸ್ ಹೊತ್ಕಂಡೋದ್ರು,” ಅಂತ ಬೊಚ್ಚುಬಾಯಿ ಆಚಾರಿ ಅಂದ.

ನಾಚಿಕೆಯಾಗಿ ಆ ಎರಡೂ ಮನೆಗೆ ಹೋಗಿ, ಅಂಥಾ ಕೆಲಸಗಾರ ಇನ್ನೊಬ್ಬ ಇಲ್ಲ ಕಣ್ರೇ ಅಂದೆ.

“ಅವತ್ತು ಬೈದೋಳು ಇವತ್ತು ಹೊಗಳ್ತೀಯಾ? ಏನ್ ಸಮಾಚಾರ ಕಣಜ್ಜಿ?” ಅಂತ ಆ ಮನೆಗಳ ಸೊಸೆಯರು ಕಿಸಕ್ಕಂದ್ರು.

ಮಾರನೇ ದಿನ ಎರಡೂ ಮನೆಯೋರು ಮರ ತಂದು ಕೊಟ್ಟರಂತೆ, ಆಚಾರಿನ ನೋಡೋ ಚಪಲಕ್ಕೇ. ಈಗ ಊರೆಲ್ಲ ನಮ್ಮಿಬ್ಬರದೇ ಸುದ್ದಿ. ಮರದ ಮಾತು ಮದುವೆ ಮಾತಾಗಿದ್ದು ಹೆಂಗೋ ನನಗಿನ್ನೂ ತಿಳಿದಿಲ್ಲ. ಗಂಟು ಹಾಕೋರು ಹಾಕಿದರು, ಹಲ್ಲಿರೋ ಗಂಡಸಿಗಾದರೂ ಹಾಕಬಾರದಿತ್ತಾ?