ಕಾಕಂಬಿ ಬಾಟಲಿಯ ಬಾಯಿ

ಹೋದ ಭಾನುವಾರ ಇಳಿಹೊತ್ತಿನಲ್ಲಿ, ಬೆಳಗಾವಿಯ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇರುವೆಗಳ ಸಾಲೊಂದು ಹೊರಟಿತ್ತು. ಬೆಳಿಗ್ಗೆಯಷ್ಟೇ ಕಾಕಂಬಿ ತುಂಬಿ ಅಡ್ಡ ಮಲಗಿಸಿದ್ದ ಏಳು ಬಾಟಲಿಗಳಲ್ಲಿ ಒಂದರ ಮುಚ್ಚಳದಿಂದ ಹನಿ ಒಸರಿತ್ತು. ಕಬ್ಬಿನ ಪಾಕದ ಆ ಕಮಟು ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ಬಾಜೂಮನೆಯ ಆಯಿ ಕಣ್ಣಮುಂದೆ ಬಂದು ನಿಂತಳು...

ಮದುವೆಯಾದ ಹೊಸತರಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ನಮ್ಮವರಿಗೆ ತಾಲೂಕು ಕಚೇರಿಯಲ್ಲಿ ಕೆಲಸ. ಗೋಡೆಗೆ ಗೋಡೆ ಹತ್ತಿದ ಮನೆ ಆಯಿಯದು. ಜೈನರು, ಜೇನುತುಪ್ಪ ಮುಟ್ಟುತ್ತಿರಲಿಲ್ಲ. ಚಪಾತಿಗೆ, ಕೆಮ್ಮಿನ ಔಷಧಿಗೆ, ಎಲ್ಲಕ್ಕೂ ಕಾಕಂಬಿಯೇ. ಚಳಿಗಾಲದಲ್ಲಿ ಆಕೆಯ ತವರಿನ ಗಾಣದಿಂದ, ಬೆಲ್ಲವಾಗುವ ಮುನ್ನವೇ ಇಳಿಸಿದ ಆ ಪಾಕ ಡಬ್ಬಿ ತುಂಬಿ ಬರುತ್ತಿತ್ತು. ಅದನ್ನು ಸೋಸಿ, ಮತ್ತೆ ಕುದಿಸಿ, ವರ್ಷಕ್ಕಾಗುವಷ್ಟು ಬಾಟಲಿಗೆ ತುಂಬುವ ದಿನ ಮಾತ್ರ ಆ ಮೆತ್ತಗಿನ ಹೆಂಗಸು ಫೌಜಿನ ಸಾಹೇಬನಾಗುತ್ತಿದ್ದಳು. ಬಿಸಿಲಲ್ಲಿ ಕಾದ ಬಾಟಲಿಗೆ ಪಾಕವನ್ನು ಸುಡುಸುಡುವಾಗಲೇ ಕುತ್ತಿಗೆಯವರೆಗೆ ಸುರಿಯಬೇಕು. ಬಾಟಲಿಯ ಬಾಯಿಯನ್ನು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿದು, ಅಡ್ಡ ಮಲಗಿಸಬೇಕು.

"ಬಾಯಿಗೆ ಅಂಟು ಉಳೀತಂದ್ರ ಇರಿವಿ ಬಂದು ಸಾಯ್ತಾವು, ತಂಗಿ. ಆ ಪಾಪ ಮುಚ್ಚಿದ ಕೈಗೆ ಹತ್ತತೈತಿ," ಎನ್ನುತ್ತಿದ್ದಳು.

ಎರಡನೆಯ ವರ್ಷ ನನ್ನನ್ನೂ ಜೊತೆಗೆ ಕೂರಿಸಿಕೊಂಡಳು. ಆಯಿ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ, ಕೆಲಸ ಮುಗಿಯದೆ ಏಳುವವಳೂ ಅಲ್ಲ. ಬೆಳಗಿನಿಂದ ಆಕೆ ಏನೂ ತಿಂದಿರಲಿಲ್ಲ. ಬಿಸಿಲು ಆಗಲೇ ಅಂಗಳ ಬಿಟ್ಟು ಗೋಡೆ ಹತ್ತತೊಡಗಿತ್ತು. ನನ್ನ ಪಾಲಿನ ಕೊನೆಯ ಮೂರು ಬಾಟಲಿಗೆ ಬರುವಷ್ಟರಲ್ಲಿ ಪಾಕ ಆರಿತ್ತು. ಮತ್ತೆ ಒಲೆಗಿಟ್ಟರೆ ಆಯಿಗೆ ಊಟ ತಪ್ಪುತ್ತದೆ. ಹಾಗೇ ತುಂಬಿ, ಬಾಯಿಯನ್ನೂ ಒರೆಸದೆ ಮುಚ್ಚಿಬಿಟ್ಟೆ.

"ಆತೇನು?" ಅಂದಳು ಆಯಿ.

"ಆತ್ರೀ ಆಯಿ. ಏಳ್ರಿ, ಉಣ್ರಿ."

ಆಯಿ ಉಂಡಳು. ನನಗೆ ದೊಡ್ಡ ಪುಣ್ಯ ಕಟ್ಟಿಕೊಂಡಷ್ಟು ಖುಷಿ.

ತಿಂಗಳೊಪ್ಪತ್ತಿನಲ್ಲಿ ಆ ಮೂರೂ ಹುಳಿತವು. ನೊರೆ ಮುಚ್ಚಳವನ್ನು ಎತ್ತಿ ಹೊರಬಂದಿತ್ತು. ಕುತ್ತಿಗೆಯ ಸುತ್ತ ಸತ್ತ ಇರುವೆಗಳು ಎಳ್ಳಿನಂತೆ ಅಂಟಿದ್ದವು. ಆಯಿ ಬಾಟಲಿಯೊಂದನ್ನು ಬೆಳಕಿಗೆ ಎತ್ತಿ ಹಿಡಿದಳು.

"ವಯಸ್ಸಾತು ನೋಡು. ನನ್ನ ಕೈ ತಪ್ಪೈತಿ," ಅಂದಳು.

ಆಗಲೇ ನಾನು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮರುದಿನ ಆ ಪಾಪ ಕಳೆಯಲೆಂದು ಆಯಿ ಉಪವಾಸ ಕುಳಿತಳು, ಒಂದು ಗುಟುಕು ನೀರೂ ಮುಟ್ಟಲಿಲ್ಲ. ನಾನು ಗೋಡೆಯ ಈಚೆ ಕುಳಿತು ಬಿಸಿ ರೊಟ್ಟಿ ಉಂಡೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಇಂದು ಹೇಳೇನು, ನಾಳೆ ಹೇಳೇನು ಎಂದು ದಿನ ತಳ್ಳಿದೆ. ಅಷ್ಟರಲ್ಲಿ ನಮ್ಮವರಿಗೆ ಬೆಳಗಾವಿಗೆ ವರ್ಗವಾಯಿತು. ಆಯಿ ತೀರಿಕೊಂಡ ಸುದ್ದಿ ಬಂದಾಗಲೂ ಆ ಮಾತು ನನ್ನಲ್ಲೇ ಉಳಿದಿತ್ತು...

ಭಾನುವಾರ ನಮ್ಮವರು ಒಸರಿದ ಬಾಟಲಿ ನೋಡಿ, "ಒಂದ ಬಾಟ್ಲಿ ಅಲ್ಲೇನು? ಒರಸಿ ಫ್ರಿಜ್ಜಿನ್ಯಾಗ ಇಡು. ಚಾ ಆರಾಕತೈತಿ, ಬಾ," ಅಂದರು.

ನಾನು ಏಳೂ ಬಾಟಲಿ ಬಿಚ್ಚಿದೆ. ಇರುವೆಗಳನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿನ ಕರಿಬೇವಿನ ಬುಡಕ್ಕೆ ಬಿಟ್ಟುಬಂದೆ. ಬಾಟಲಿಗಳನ್ನು ತೊಳೆದು ಒಣಗಿಸಿದೆ, ಪಾಕವನ್ನು ಮತ್ತೆ ಕುದಿಸಿದೆ, ಒಂದೊಂದರ ಬಾಯಿಯನ್ನೂ ಎರಡೆರಡು ಸಲ ಒರೆಸಿ ಮುಚ್ಚಿದೆ. ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾವು ಲಿಂಗವಂತರು, ಕತ್ತಲಾದ ಮೇಲೆ ಉಣ್ಣಬಾರದೆಂಬ ಕಟ್ಟು ನಮಗಿಲ್ಲ. ಆದರೂ ನಮ್ಮವರು ತಾಟು ಮುಂದಿಟ್ಟಾಗ ಒಲ್ಲೆ ಅಂದೆ.

ಬಾಟಲಿಗಳನ್ನು ಒಂದೊಂದಾಗಿ ತಿರುವಿ, ಕುತ್ತಿಗೆಯ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲವೂ ಒಣಗಿದ್ದವು. ಈ ಸಲ ಆತ್ರೀ ಎಂದು ಖರೇ ಹೇಳಬಹುದಿತ್ತು. ಆತೇನು ಎಂದು ಕೇಳಲು ಆಯಿ ಇರಲಿಲ್ಲ.